ಕಾಕಂಬಿಯಲ್ಲಿ ನೆನೆಸಿದ ಮೋಟಾರು

ಮೊನ್ನೆ ಮುಂಡಗೋಡದಿಂದ ಹಳಿಯಾಳಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ದಾರಿಯ ಪಕ್ಕದ ಹೊಲವೊಂದರಲ್ಲಿ ಗಾಣ ಹೂಡಿದ್ದರು. ಮೊದಲು ಬೆಲ್ಲದ ವಾಸನೆ ಬಂತು. ಅದರ ಬೆನ್ನಿಗೇ ಇನ್ನೊಂದು. ಬೆಲ್ಲ ಮಾಡಿದ ಮೇಲೆ ಉಳಿಯುವ ಕರೀ ಪಾಕ, ಕಾಕಂಬಿ, ಬಿಸಿಲಿಗೆ ಹುಳಿತು ನೊರೆ ಎದ್ದಾಗ ಬರುವ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು "ಬಾಯಾಗ ನೀರ ಬಂತು ನೋಡ್ರಿ" ಅಂದಳು. ನಾನು ನಕ್ಕೆ. ಆದರೆ ಹಿಡಿದಿದ್ದ ಸರಳಿನ ಮೇಲೆ ನನ್ನ ಅಂಗೈ ಬೆವತು ಜಾರುತ್ತಿತ್ತು. ಗಾಣ ಹಿಂದೆ ಸರಿಯುವತನಕ ನಾನು ಕಿಟಕಿಯ ಹೊರಗೆ ಗದ್ದೆಯ ಅಂಚನ್ನೇ ನೋಡುತ್ತಿದ್ದೆ, ಏನಾದರೂ ಅಲ್ಲಾಡುತ್ತದೇನೋ ಅಂತ.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದವರು ಇರಲಿಲ್ಲ. ಅಪ್ಪ ಧಾರವಾಡದ ಕಡೆಯ ಹಳ್ಳಿಯಿಂದ ದಾಂಡೇಲಿಯ ಕಾಗದದ ಮಿಲ್ಲಿಗೆ ಬಂದವನು. ಬಿದಿರು, ಕಟ್ಟಿಗೆ ಕತ್ತರಿಸಿ ಚೂರು ಮಾಡುವ ಚಿಪ್ಪರ್ ಯಂತ್ರದ ಹತ್ತಿರ ಫಿಟ್ಟರ್ ಆಗಿ ಇಡೀ ನೌಕರಿ ಕಳೆದ. ಆ ಯಂತ್ರದ ಸಪ್ಪಳಕ್ಕೆ ಕಿವಿಗೆ ಹಾಕಿಕೊಳ್ಳಲು ಬಿರಡೆ ಕೊಡುತ್ತಿದ್ದರು. ಅಪ್ಪ ಹಾಕುತ್ತಿರಲಿಲ್ಲ. "ಮಷೀನ್ ಏನ್ ಹೇಳತೈತಿ ಅನ್ನೂದು ಕೇಳಬೇಕಲಾ" ಅನ್ನುತ್ತಿದ್ದ. ರಿಟೈರ್ ಆಗುವ ಹೊತ್ತಿಗೆ ಅವನಿಗೆ ಮಷೀನೂ ಕೇಳುತ್ತಿರಲಿಲ್ಲ, ಮನುಷ್ಯರೂ ಕೇಳುತ್ತಿರಲಿಲ್ಲ.

ಆದರೆ ಒಪ್ಪಿಕೊಳ್ಳುವವನಲ್ಲ. ಮುಖ ನೋಡಿ ಮಾತು ಊಹಿಸುತ್ತಿದ್ದ. ಊಹೆ ತಪ್ಪಿದರೆ ಸಿಟ್ಟು. ಹೀಗಾಗಿ ನಮ್ಮ ಮನೆಯಲ್ಲಿ 'ಕಿವುಡು' ಅನ್ನುವ ಮಾತನ್ನೇ ಯಾರೂ ಆಡುತ್ತಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಅವ್ವ ಬಾಗಿಲಲ್ಲಿ ನಿಂತು ದೀಪದ ಸ್ವಿಚ್ಚನ್ನು ಒಮ್ಮೆ ಆರಿಸಿ ಹಚ್ಚುತ್ತಿದ್ದಳು. ಅಪ್ಪ ತಲೆ ಎತ್ತುತ್ತಿದ್ದ. ಕರೆಂಟು ಹೋಗಿ ಬಂತು ಅಂತ ನಾವೂ ಅಂದುಕೊಂಡ ಹಾಗೆ ಮಾಡುತ್ತಿದ್ದೆವು.

ನನ್ನ ಡಿಗ್ರಿ ಮುಗಿದ ವರ್ಷವೇ ಬಸು ಕಾಕಾ ಆ ಮೋಟಾರಿನ ಸುದ್ದಿ ತಂದ. ಕಾಕಾ ಅಪ್ಪನ ತಮ್ಮ. ದಾಂಡೇಲಿಯಲ್ಲಿ ಗ್ಯಾರೇಜು ಇಟ್ಟು ಗಾಡಿಗಳ ತಗಡು ಬಡಿದು ನೆಟ್ಟಗೆ ಮಾಡುವ ಕೆಲಸ ಅವನದು. ಹಳಿಯಾಳದ ಈರಣ್ಣ ಸಾವಕಾರರ ಅಜ್ಜ ಟಿಂಬರ್ ಕಂತ್ರಾಟು ಹಿಡಿದಿದ್ದವರು. ಎರಡನೇ ಮಹಾಯುದ್ಧಕ್ಕೆ ಮುಂಚೆ ತಯಾರಾದ ವಿಲಾಯತಿ ಗಾಡಿಯೊಂದನ್ನು ಅವರು ಯಾವುದೋ ಸಂಸ್ಥಾನದವರಿಂದ ಕೊಂಡಿದ್ದರು. ಅದು ಈಗ ಸಾಂಬ್ರಾಣಿಯ ಅವರ ಗದ್ದೆಯ ಗೋದಾಮಿನಲ್ಲಿ ಬಿದ್ದಿತ್ತು.

ಮೊದಲ ಸಲ ನೋಡಿದಾಗ ನನಗೆ ಅದು ಗಾಡಿ ಅಂತಲೇ ಅನ್ನಿಸಲಿಲ್ಲ. ಮುಂದೆ ದೋಣಿಯಷ್ಟು ಉದ್ದದ ಬಾನೆಟ್ಟು, ಅದರೊಳಗೆ ಒಂದೇ ಸಾಲಿನಲ್ಲಿ ಎಂಟು ಸಿಲಿಂಡರು. ಮೇಲೆ ತಗಡಿನ ಛಾವಣಿ ಇಲ್ಲ. ಬೇಕಾದಾಗ ಎಳೆದು ಮುಚ್ಚಿ, ಬೇಡವಾದಾಗ ಹಿಂದಕ್ಕೆ ಮಡಚುವ ಕ್ಯಾನ್ವಾಸಿನ ಟಪ್ಪು. ಈಗ ಆ ಟಪ್ಪಿನ ಕಮಾನುಗಳಷ್ಟೇ ಉಳಿದಿದ್ದವು. ಒಂದು ಕಾಲಕ್ಕೆ ಸಾಹೇಬರನ್ನು ಕೂರಿಸಿಕೊಂಡು ಶಿಕಾರಿಗೆ ಹೋದ ಗಾಡಿ. ಆಮೇಲೆ ಪೆಟ್ರೋಲು ತುಟ್ಟಿಯಾಗಿ, ಹಿಂದಿನ ಸೀಟು ಕಿತ್ತು ಇದ್ದಲಿ ಚೀಲ ಹೇರಿದರು. ಕಡೆಗೆ ಕೋಳಿ ಮೊಟ್ಟೆ ಇಟ್ಟವು. ಇಂಥವು ಈಗ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು ಇವೆ ಅಂತ ಯಾರೋ ಹೇಳಿದ ಮೇಲೆ ಸಾವಕಾರರಿಗೆ ಎಚ್ಚರವಾಗಿತ್ತು.

"ಆಗ್ತದೇನವಾ ಇಂಜಿನೇರ?" ಅಂತ ಅವರು ನನ್ನನ್ನು ಕೇಳಿದರು. ಕಾಕಾನನ್ನಲ್ಲ, ಅಪ್ಪನನ್ನಲ್ಲ, ನನ್ನನ್ನು. ಅಪ್ಪನ ಮುಖ ಅವತ್ತು ಹೇಗಿತ್ತು ಅನ್ನುವುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

"ಆಗ್ತದ್ರಿ. ಆದ್ರ ಇಲ್ಲೇ ಆಗಬೇಕು. ಟ್ರಕ್ಕಿಗೆ ಏರಿಸಿದ್ರ ಮುರೀತದ. ಒಳಗಿನ ಕಟ್ಟಿಗಿ ಎಲ್ಲಾ ಲಡ್ಡಾಗೇತಿ" ಅಂದೆ.

ಹೀಗೆ ನಾವು ಮೂವರೂ ದಿನಾ ದಾಂಡೇಲಿಯಿಂದ ಸಾಂಬ್ರಾಣಿಗೆ ಬಸ್ಸು ಹತ್ತತೊಡಗಿದೆವು. ಮಳೆಗಾಲವೆಲ್ಲ ಎಂಜಿನ್ನಿಗೇ ಹೋಯಿತು. ಅಳತೆ ನನ್ನದು, ಕಬ್ಬಿಣ ಉಜ್ಜುವ ಅರ ಹಿಡಿಯುವ ಕೈ ಅಪ್ಪನದು. ತಗಡಿನ ಒಳಗಿನ ಕಟ್ಟಿಗೆಯ ಚೌಕಟ್ಟಿಗೆ ಒಳ್ಳೇ ಹಳೇ ಸಾಗವಾನಿ ಬೇಕಿತ್ತು. ಅಣೆಕಟ್ಟಿನ ನೀರಿನಲ್ಲಿ ಸೂಪಾ ಮುಳುಗಡೆಯಾಗುವ ಮುಂಚೆ ಬಿಚ್ಚಿ ತಂದ ಮನೆಯ ತೊಲೆಯೊಂದು ಸಾವಕಾರರ ಅಟ್ಟದ ಮೇಲಿತ್ತು. ಅದನ್ನೇ ಕೊಯ್ದೆವು. ಆ ದಿನಗಳು ಚೆನ್ನಾಗಿದ್ದವು. ಜಗಳ, ಚಹಾ, ಮತ್ತೆ ಜಗಳ. ನಾನು ಚೀಟಿಯಲ್ಲಿ ಬರೆದುಕೊಟ್ಟ ಅಳತೆಗೆ ಅಪ್ಪ "ಕಾಲೇಜಿನಾಗ ಹಿಂಗ ಕಲಿಸ್ಯಾರೇನು?" ಅಂತ ಕಾಲೆಳೆಯುತ್ತಿದ್ದ. ಊರವರು ಬಂದರೆ ಮಾತ್ರ "ನಮ್ಮ ಹುಡಿಗಿ ಹೇಳಿದ್ದು ಕೂದಲೆಳಿಯಷ್ಟೂ ಆಚೀಚಿ ಆಗೂದಿಲ್ಲ" ಅನ್ನುತ್ತಿದ್ದ.

ಹೆದರಿಕೆ ಶುರುವಾದದ್ದು ದೀಪಾವಳಿಯ ಆಚೆಗೆ.

ಭತ್ತ ಹಾಲುಗಟ್ಟಿ ಬಣ್ಣಕ್ಕೆ ತಿರುಗುವಾಗ ಹಳಿಯಾಳ, ಮುಂಡಗೋಡದ ಗದ್ದೆಗಳಿಗೆ ಆನೆಗಳು ಬರುತ್ತವೆ. ಇದು ಅಲ್ಲಿಯವರಿಗೆ ಹೊಸದಲ್ಲ. ನಮಗೆ ಹೊಸದು. ದಾಂಡೇಲಿಯ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಬೆಳೆದ ನಾನು ಆನೆಯನ್ನು ಚಿತ್ರದಲ್ಲಿ ಬಿಟ್ಟರೆ ದೇವಸ್ಥಾನದ ಮುಂದೆ ನೋಡಿದವಳು. ಗೋದಾಮಿನ ಪಕ್ಕದ ಗದ್ದೆ ನೀಲವ್ವ ಅನ್ನುವವಳದು. ಗಟ್ಟಿ ಹೆಂಗಸು. ಮಕ್ಕಳ ಜೊತೆ ಸೇರಿ ಬಾವಿಯ ಹತ್ತಿರದ ಮರಕ್ಕೆ ಅಟ್ಟಣಿಗೆ ಕಟ್ಟಿ ಬೆಳೆ ಕಾಯುತ್ತಿದ್ದಳು. ಒಂದು ಬೆಳಿಗ್ಗೆ ನನ್ನನ್ನು ಕರೆದು ಬದುವಿನ ಮೇಲೆ ತೋರಿಸಿದಳು. ಕೆಸರಿನಲ್ಲಿ ಒತ್ತಿದ ಗುರುತು, ನಮ್ಮ ಮನೆಯ ರೊಟ್ಟಿ ಬಡಿಯುವ ಪರಾತಕ್ಕಿಂತ ದೊಡ್ಡದು. ಅದರೊಳಗೆ ನೀರು ಇನ್ನೂ ಕದಡಿಕೊಂಡೇ ಇತ್ತು.

"ಗಣಪ್ಪ ಬಂದಾನ" ಅಂದಳು. ದೀಪ ಹಚ್ಚಿದ ಮೇಲೆ ಅದರ ಹೆಸರು ಹೇಳಬಾರದು ಅನ್ನುವುದು ಅವರ ರೂಢಿ. ಅವಳು ಹಗಲೂ ಹೇಳುತ್ತಿರಲಿಲ್ಲ. "ಹಿಂಡಿನಿಂದ ಬ್ಯಾರೆ ಆಗಿ ತಿರಗೂ ಸಲಗ. ಆಚಿ ಊರಾಗ ಒಬ್ಬ ಮುದುಕನ್ನ ಒಗದೈತಿ. ನಿಮ್ಮಪ್ಪಗ ಹೇಳು, ಬಾಗಲಾ ತಕ್ಕೊಂಡು ಬೆನ್ನ ಹಾಕಿ ಕುಂದರಬ್ಯಾಡ ಅನ್ನು."

ಅವಳೇ ಹೇಳಿ ನೋಡಿದ್ದಳು. "ಅಣ್ಣಾರ, ಗಣಪ್ಪ ಬಂದಾನ್ರಿ, ಜ್ವಾಕಿ!" ಅಂತ ಕೂಗಿದರೆ ಅಪ್ಪ ಕೈ ಎತ್ತಿ "ಹೂಂ, ಆತಬೇ, ಈಗ ಕುಡದೇನಿ" ಅಂದಿದ್ದ. ಚಹಾ ಬೇಕೇನು ಅಂದಳು ಅಂತ ಅವನ ಊಹೆ. ನೀಲವ್ವ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಅಂದಿನಿಂದ ನನಗೆ ಒಂದೇ ಚಿಂತೆ. ಕೆಲಸದ ನಡುವೆ ತಲೆ ಎತ್ತಿ ಎತ್ತಿ ಬಾಗಿಲ ಕಡೆ ನೋಡುತ್ತಿದ್ದೆ. ಎಲೆ ಸರಿದರೂ, ಎಮ್ಮೆ ಕೆಮ್ಮಿದರೂ ಎದೆ ಹಾರುತ್ತಿತ್ತು. ಅಪ್ಪ ಮಾತ್ರ ಬಾಗಿಲಿಗೆ ಬೆನ್ನು ಮಾಡಿ, ಬೆಳಕು ಚೆನ್ನಾಗಿ ಬೀಳುತ್ತದೆ ಅಂತ ಅಲ್ಲೇ ಕೂತು, ಏನೂ ಇಲ್ಲದ ಹಾಗೆ ಅರ ಹೊಡೆಯುತ್ತಿದ್ದ. ಜಗತ್ತಿನಲ್ಲಿ ಇದ್ದ ಸಪ್ಪಳವೆಲ್ಲ ನನ್ನೊಬ್ಬಳಿಗೇ ಕೇಳಿಸುತ್ತಿದೆ ಅನ್ನಿಸುತ್ತಿತ್ತು. ಅದು ಸಾಲದು ಅಂತ, ಬಿಡಿಭಾಗಗಳು ಕಳುವಾದಾವು ಅಂತ ಅಪ್ಪ ಅಲ್ಲೇ ಉಳಿಯತೊಡಗಿದ. ಅವ್ವ ಬುತ್ತಿ ಕಟ್ಟಿಕೊಟ್ಟಳು. ನಾನೂ ಕಾಕಾನೂ ಊರಿನಲ್ಲಿ ಸಾವಕಾರರ ಆಳಿನ ಮನೆಯಲ್ಲಿ ಉಳಿದೆವು. ರಾತ್ರಿ ದೂರದಲ್ಲಿ ಆನೆ ಓಡಿಸುವ ಪಟಾಕಿ ಹಾರಿದರೆ ಎದ್ದು ಕೂರುತ್ತಿದ್ದೆ.

"ಅಪ್ಪಾ, ನಡಿ ಊರಾಗ ಮಲಗೂಣು" ಅಂದರೆ, "ನನಗೇನು ಕಿವಿ ಇಲ್ಲೇನು? ಬಂದ್ರ ಗೊತ್ತಾಗೂದಿಲ್ಲೇನು?" ಅನ್ನುತ್ತಿದ್ದ.



ಈಗ ಕಾಕಂಬಿಯ ವಿಷಯ. ಮಡ್‌ಗಾರ್ಡು, ಬಾನೆಟ್ಟಿನ ಪಟ್ಟಿ, ಬಾಗಿಲ ತಿರುಗಣೆ, ಎಲ್ಲಕ್ಕೂ ತುಕ್ಕು ಹಿಡಿದಿತ್ತು. ಆಸಿಡ್ ಹಾಕಿದರೆ ಹಳೇ ತೆಳು ತಗಡು ತುಕ್ಕಿನ ಜೊತೆಗೇ ಹೋಗುತ್ತದೆ. ಮರಳು ಹೊಡೆದರೆ ತೂತು ಬೀಳುತ್ತದೆ. "ನಮ್ಮ ಉಸ್ತಾದ್ ಕಾಕಂಬಿ ನೀರಾಗ ನೆನಸ್ತಿದ್ರು" ಅಂದ ಕಾಕಾ. ನಾನು ಓದಿ ನೋಡಿದೆ. ಹೌದು, ಕಾಕಂಬಿ ತುಕ್ಕನ್ನು ತಿನ್ನುತ್ತದೆ, ಕಬ್ಬಿಣವನ್ನು ಮುಟ್ಟುವುದಿಲ್ಲ. ವಾರಗಟ್ಟಲೆ ಬೇಕು, ಅಷ್ಟೇ. ಹಳಿಯಾಳದ ಸುತ್ತ ಕಬ್ಬಿಗೇನು ಬರ? ಗಾಣದವರಿಂದ ಡ್ರಮ್ಮುಗಟ್ಟಲೆ ತಂದು, ಗೋದಾಮಿನ ಬಾಗಿಲ ಪಕ್ಕದ ಹಳೇ ಸಿಮೆಂಟಿನ ತೊಟ್ಟಿಯಲ್ಲಿ ನೀರು ಬೆರೆಸಿ, ಭಾಗಗಳನ್ನೆಲ್ಲ ಮುಳುಗಿಸಿದೆವು. ಹುಳ ಬೀಳಬಾರದು ಅಂತ ಮೇಲೆ ತಗಡು ಮುಚ್ಚಿದೆವು. ಮೊದಲ ಸಲ ಒಂದು ಪಟ್ಟಿ ಹೊರಗೆ ತೆಗೆದು ತೊಳೆದಾಗ, ಆ ಮಬ್ಬು ಬೂದಿಬಣ್ಣದ ಶುದ್ಧ ಕಬ್ಬಿಣ ನೋಡಿ ನಾವು ಮೂವರೂ ಸರದಿಯಂತೆ ಅದರ ಮೇಲೆ ಬೆರಳಾಡಿಸಿದೆವು.

ಪೇಟೆಯಿಂದ ಬಂದ ನಮಗೆ ತುಕ್ಕು ಗೊತ್ತಿತ್ತು, ಆನೆ ಗೊತ್ತಿರಲಿಲ್ಲ. ನೀಲವ್ವನಿಗೆ ಆನೆ ಗೊತ್ತಿತ್ತು, ಆದರೆ ಮುಚ್ಚಿದ ತೊಟ್ಟಿಯಲ್ಲಿ ಏನೋ ಮೋಟಾರಿನ ಔಷಧ ಇದೆ ಅಂದುಕೊಂಡಿದ್ದಳು. ಮೇಲೆ ಎಂಜಿನ್ ಆಯಿಲ್ಲಿನ ವಾಸನೆ ಬೇರೆ. ಕಾಕಂಬಿ ಹುಳಿಯುತ್ತಾ ಹೋಯಿತು.

ಅವತ್ತು ನಾನೂ ಕಾಕಾನೂ ನಟ್ಟು ಬೋಲ್ಟು ತರಲು ಹಳಿಯಾಳಕ್ಕೆ ಹೋಗಿದ್ದೆವು. ಬಸ್ಸಿಳಿದು ಗದ್ದೆಯ ಹಾದಿ ಹಿಡಿದಾಗ ಹೊತ್ತು ಮುಳುಗುತ್ತಿತ್ತು, ಇನ್ನೂ ಬೆಳಕಿತ್ತು. ಬಾವಿಯ ಹತ್ತಿರ ಬರುವಷ್ಟರಲ್ಲಿ ನೀಲವ್ವ ಅಟ್ಟಣಿಗೆಯಿಂದ ಇಳಿದು ಬಂದು ನನ್ನ ರಟ್ಟೆ ಹಿಡಿದಳು. ಗದ್ದವನ್ನಷ್ಟೇ ಗೋದಾಮಿನ ಕಡೆ ಎತ್ತಿದಳು.

ತೊಟ್ಟಿಯ ಮೇಲಿನ ತಗಡು ಪಕ್ಕಕ್ಕೆ ಬಿದ್ದಿತ್ತು. ಸಲಗ ನಿಂತಿತ್ತು. ಸೊಂಡಿಲನ್ನು ತೊಟ್ಟಿಗೆ ಇಳಿಸಿ, ಎತ್ತಿ, ಬಾಯಿಗೆ ಹಾಕಿಕೊಳ್ಳುತ್ತಿತ್ತು. ಸೊರ್ ಅಂತ ಎಳೆಯುವ ಸಪ್ಪಳ ನನಗೆ ಬಾವಿಯ ತನಕವೂ ಕೇಳುತ್ತಿತ್ತು. ಅದರಾಚೆ, ತೆರೆದ ಬಾಗಿಲಿನೊಳಗೆ, ಬಲ್ಬಿನ ಬೆಳಕಿನಲ್ಲಿ ಅಪ್ಪನ ಬೆನ್ನು. ಅರ ಹೊಡೆಯುತ್ತಿದ್ದ. ಭುಜ ಹಿಂದೆ ಮುಂದೆ, ಹಿಂದೆ ಮುಂದೆ. ಆನೆಗೂ ಅವನಿಗೂ ನಡುವೆ ಒಂದು ಎತ್ತಿನ ಗಾಡಿ ನಿಲ್ಲುವಷ್ಟು ಜಾಗವೂ ಇರಲಿಲ್ಲ.

ನೀಲವ್ವನ ಮಗ ಪಟಾಕಿಗೆ ಕಡ್ಡಿ ಗೀರಲು ಹೋದ.

"ಹಚ್ಚಬ್ಯಾಡೋ!" ನಾನು ಅವನ ಕೈ ಹಿಡಿದು ಪಿಸುಗುಟ್ಟಿದೆ. "ಅಪ್ಪ ಒಳಗದಾನ. ಅದು ಬೆದರಿ ಒಳಗ ನುಗ್ಗಿದ್ರ?"

"ಹಂಗಾರ ಏನ್ ಮಾಡೂದವಾ?" ಅಂದ ಅವನು.

ಕಾಕಾ ಓಡಲು ಹೊರಟ. ನೀಲವ್ವ ಅವನ ಅಂಗಿಯ ಹಿಂಭಾಗ ಹಿಡಿದು ಎಳೆದಳು. "ನಿಂದೂ ಹೆಣಾ ಬೀಳಬೇಕೇನು? ನಿಂದರ್ರಿ." ಆಮೇಲೆ ನನ್ನ ಕಡೆ ತಿರುಗಿ, "ಕರದ್ರ ಕೇಳ್ತದೇನು ನಿಮ್ಮಪ್ಪಗ? ಖರೇ ಹೇಳು" ಅಂದಳು.

"ಇಲ್ರಿ" ಅಂದೆ.

ಸಲಗ ಕುಡಿಯುವುದು ನಿಲ್ಲಿಸಿತು. ಸೊಂಡಿಲು ಬಾಗಿಲ ಒಳಗೆ ಹೋಯಿತು. ನೆನೆಸಿ ತೆಗೆದ ಒಂದು ಮಡ್‌ಗಾರ್ಡನ್ನು ನೀರಿಳಿಯಲಿ ಅಂತ ಒಳಗೆ ತೊಲೆಗೆ ತೂಗುಹಾಕಿದ್ದೆವು. ಇನ್ನೂ ತೊಳೆದಿರಲಿಲ್ಲ. ಅದರ ವಾಸನೆ ಹಿಡಿದಿತ್ತು ಅಂತ ಕಾಣುತ್ತದೆ. ಅಪ್ಪ ಆಗ ಅರ ಕೆಳಗಿಟ್ಟು ಸೊಂಟ ಹಿಡಿದುಕೊಂಡ. ಅವನು ಎದ್ದು ತಿರುಗುವ ರೀತಿ ನನಗೆ ಗೊತ್ತು. ಮೊದಲು ಕೈ ಚಾಚುತ್ತಾನೆ, ಆಮೇಲೆ ನೋಡುತ್ತಾನೆ. ಚಾಚಿದರೆ ಸೊಂಡಿಲೇ ಸಿಗುತ್ತಿತ್ತು.

ಗೋದಾಮಿಗೆ ಕರೆಂಟು ಹೋಗುತ್ತಿದ್ದದ್ದು ಬಾವಿಯ ಪಂಪಿನ ಪೆಟ್ಟಿಗೆಯಿಂದ. ನಾನು ಅಲ್ಲಿಗೆ ಹೋಗಿದ್ದು ನನಗೆ ನೆನಪಿಲ್ಲ. ಸ್ವಿಚ್ಚಿನ ಮೇಲೆ ಕೈ ಇದ್ದದ್ದಷ್ಟೇ ನೆನಪು. ಒಮ್ಮೆ ಆರಿಸಿ ಹಚ್ಚಿದರೆ ಊಟಕ್ಕೆ ಕರೆದರು ಅಂತ ತಿಳಿದು ಅಪ್ಪ ಎದ್ದೇಬಿಡುತ್ತಾನೆ. ಬಿಟ್ಟು ಬಿಟ್ಟು ಮಾಡಿದರೆ ಕರೆಂಟಿನ ಆಟ ಅಂದುಕೊಳ್ಳುತ್ತಾನೆ. ಮಿಲ್ಲಿನ ಕಥೆ ಹೇಳುವಾಗ ಅಪ್ಪ ಒಂದು ಮಾತು ಹೇಳುತ್ತಿದ್ದ. ಚಿಪ್ಪರಿನ ಹತ್ತಿರ ಯಾರ ಕೂಗೂ ಕೇಳುವುದಿಲ್ಲವಲ್ಲ, ಯಾರದಾದರೂ ಕೈ ಸಿಕ್ಕಿಬೀಳುವ ಹಾಗಿದ್ದರೆ ದೀಪವನ್ನು ಪಟಪಟ ಅಂತ ನಿಲ್ಲಿಸದೆ ಮಿಣುಕಿಸುತ್ತಿದ್ದರಂತೆ. ಕೈ ತೆಗೆ, ನಿಂತಲ್ಲೇ ನಿಲ್ಲು, ಉಸಿರೂ ಎಳೀಬೇಡ ಅಂತ ಅರ್ಥ. ಆರಿಸಿ ಹಚ್ಚಿ, ಆರಿಸಿ ಹಚ್ಚಿ, ನಾನು ಬೆರಳು ನೋಯುವಂತೆ ಮಿಣುಕಿಸಿದೆ. ಪ್ರತಿ ಸಲ ಕತ್ತಲಾದಾಗ, ಮತ್ತೆ ಬೆಳಕು ಬಂದರೆ ಅಪ್ಪ ಅಲ್ಲಿ ಇರುತ್ತಾನೋ ಇಲ್ಲವೋ ಅಂತ ಜೀವ ಹೋಗಿ ಬರುತ್ತಿತ್ತು.

"ನಿಂತಾನ" ಅಂದ ಕಾಕಾ. "ನಿಂತಾನ, ನಿಂತಾನ."

ಕೈ ಗಾಳಿಯಲ್ಲಿ ಅರ್ಧಕ್ಕೇ ನಿಂತಿತ್ತು. ಅಪ್ಪ ಕತ್ತನ್ನಷ್ಟೇ ಹೊರಳಿಸಿದ. ನೋಡಿದ. ಆಮೇಲೆ ಇಷ್ಟಿಷ್ಟೇ ಮೈ ಇಳಿಸುತ್ತಾ ಪಕ್ಕದ ಮೋಟಾರಿನ ಚೌಕಟ್ಟಿನೊಳಗೆ ಜಾರಿ ಕೂತ. ಛಾವಣಿ ಇಲ್ಲದ ಗಾಡಿ. ಅಪ್ಪನ ತಲೆಯ ಮೇಲೆ ಆ ಕಮಾನುಗಳು ಮಾತ್ರ, ಅದರ ಮೇಲೆ ಸೊಂಡಿಲು. ಅದು ಸ್ಟೇರಿಂಗ್ ಮುಟ್ಟಿತು. ಅಪ್ಪನ ಭುಜದ ಮೇಲೆ ಹಾದುಹೋಯಿತು, ಕಾಕಂಬಿ ಅವನ ಬೋಳುತಲೆಯ ಮೇಲೆ ತೊಟ್ಟಿಕ್ಕಿತು. ನನಗೆ ಕೂಗು ಬಂತು. ನೀಲವ್ವ ನನ್ನ ಬಾಯಿ ಒತ್ತಿ ಹಿಡಿದಳು. ಅವಳ ಅಂಗೈಯಿಂದ ಹುಲ್ಲಿನ ವಾಸನೆ ಬರುತ್ತಿತ್ತು.

ಸಲಗ ಮಡ್‌ಗಾರ್ಡನ್ನು ಕಿತ್ತುಕೊಂಡಿತು. ನೆಕ್ಕಿತು. ಆಮೇಲೆ ಬೇಡವಾಗಿ ಬಿಟ್ಟಿತು. ಅದು ಬಾನೆಟ್ಟಿನ ಮೇಲೆ ಬಿದ್ದು ನೆಲಕ್ಕೆ ಉರುಳಿದ ಸದ್ದಿಗೆ ನಾವು ನಾಲ್ವರೂ ಕುಸಿದು ಕೂತೆವು. ಆನೆಯೂ ಬೆದರಿ ಹಿಂದಕ್ಕೆ ಸರಿಯಿತು. ಅಪ್ಪ ಮಾತ್ರ ಅಲ್ಲಾಡಲಿಲ್ಲ, ರೆಪ್ಪೆಯನ್ನೂ ಬಡಿಯಲಿಲ್ಲ. ಒಂದು ಗಳಿಗೆ ಆನೆ ಅವನನ್ನೇ ನೋಡುತ್ತಾ ನಿಂತಿತ್ತು. ಆಮೇಲೆ ತಿರುಗಿ ಬಿದಿರ ಮೆಳೆಯ ಕಡೆ ನಡೆಯಿತು, ಏನೂ ಅವಸರವಿಲ್ಲದೆ.

ನಾವು ಓಡಿದೆವು. ಅಪ್ಪ ಇನ್ನೂ ಸೀಟಿನ ಚೌಕಟ್ಟಿನಲ್ಲೇ ಕೂತಿದ್ದ, ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದಿದ್ದ. ನನ್ನನ್ನು ನೋಡಿ ಅವನು ಹೇಳಿದ ಮೊದಲ ಮಾತು, "ಮಡ್‌ಗಾರ್ಡ್ ಸೊಟ್ಟ ಮಾಡ್ತಲಾ ಇದು."

"ನಿನ್ನ ಮಡ್‌ಗಾರ್ಡಿಗೆ ಬೆಂಕಿ ಹಚ್ಚಲಿ!" ಅಂತ ಕಾಕಾ ಅಣ್ಣನನ್ನು ತಬ್ಬಿಕೊಂಡು ಅತ್ತ. ನೀಲವ್ವ ತೊಟ್ಟಿಯೊಳಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. ಆಮೇಲೆ ಅವಳು ನಮ್ಮನ್ನು ಬೈದದ್ದನ್ನು ಬರೆಯಲಾಗುವುದಿಲ್ಲ. "ಹರದಾರಿ ದೂರದಿಂದ ಕರದು ಊಟಕ್ಕ ಹಾಕೀರಿ! ಓದಿದವರಂತ!" ಅನ್ನುವುದು ಅದರಲ್ಲಿ ಮೆತ್ತಗಿನದು. ಅವತ್ತೇ ತೊಟ್ಟಿ ಬರಿದು ಮಾಡಿ, ಬೂದಿ ಸುಣ್ಣ ಸುರಿದೆವು. ಉಳಿದ ತುಕ್ಕನ್ನು ಆಮೇಲೆ ಕೈಯಲ್ಲೇ ಉಜ್ಜಿ ತೆಗೆದೆವು.

ಹೆದರಿಕೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಯಾಕೆಂದರೆ ಮಾರನೆಯ ದಿನ ಸಾವಕಾರರು ಕೇಳಿದಾಗ ಅಪ್ಪ, "ಅದು ಬಂದ ಸಪ್ಪಳ ಮೊದಲ ಕೇಳಿಸಿತ್ತರಿ, ಅದಕ್ಕ ಸುಮ್ಮ ಕುಂತೆ" ಅಂದ. ಕಾಕಾ ನೆಲ ನೋಡಿದ. ನಾನು ಸೊಟ್ಟಾದ ಮಡ್‌ಗಾರ್ಡನ್ನು ಉಜ್ಜತೊಡಗಿದೆ. ಆದರೆ ನನಗೆ ತಿಳಿಯಿತು, ಇವನು ಹೀಗೇ ಯಾವತ್ತೋ ಒಂದು ದಿನ ಹೋಗುತ್ತಾನೆ. ಆನೆಯೇ ಆಗಬೇಕಂತಿಲ್ಲ. ಬಸ್ಸು, ಟ್ರಾಕ್ಟರು, ಏನಾದರೂ.

ಯುಗಾದಿಯ ಹೊತ್ತಿಗೆ ಗಾಡಿ ಹೊರಗೆ ಬಂತು. ಬಣ್ಣ ಇನ್ನೂ ಆಗಿರಲಿಲ್ಲ, ಮೈತುಂಬ ಬೂದು ಪ್ರೈಮರು. ಹೊಸ ಕ್ಯಾನ್ವಾಸಿನ ಟಪ್ಪು ಹಿಂದಕ್ಕೆ ಮಡಚಿತ್ತು. ಎಂಟೂ ಸಿಲಿಂಡರು ಒಟ್ಟಿಗೆ ಉಸಿರಾಡಿದಾಗ ನಾನು ಕಣ್ಣೊರೆಸಿಕೊಂಡೆ. ಅಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಸರಿ ಇದೆ ಅನ್ನುವಂತೆ ತಲೆ ಆಡಿಸಿದ. ಹಳಿಯಾಳದವರೆಗೆ ಓಡಿಸಿ ನೋಡುವುದು ಅಂತ ಆಯಿತು. ಸಾವಕಾರರು ತಲೆಗೆ ಟವೆಲ್ ಸುತ್ತಿಕೊಂಡು ಹಿಂದೆ ಹೊಸದಾಗಿ ಕೂರಿಸಿದ ಸೀಟಿನಲ್ಲಿ ಕೂತರು, ಪಕ್ಕದಲ್ಲಿ ಕಾಕಾ. ಸ್ಟೇರಿಂಗ್ ಹಿಡಿದವನು ಅಪ್ಪ. ನಾನು ಅವನ ಪಕ್ಕ.

ಜನ ರಸ್ತೆಗೆ ಬಂದು ನೋಡಿದರು. ನಾನು ಯಾರನ್ನೂ ನೋಡಲಿಲ್ಲ. ಹಿಂದಿನ ಹಾರ್ನುಗಳನ್ನೇ ಕೇಳುತ್ತಿದ್ದೆ. ಒಂದು ತಿರುವಿನ ಹತ್ತಿರ ಕಬ್ಬು ಹೇರಿದ ಲಾರಿ ಹಿಂದೆ ಬಿತ್ತು. ಹಾರ್ನು ಹೊಡೆಯಿತು, ಮತ್ತೆ ಹೊಡೆಯಿತು. ಅಪ್ಪ ರಸ್ತೆಯ ನಡುವೆಯೇ ಹೋಗುತ್ತಿದ್ದ, ಮುಖದಲ್ಲಿ ಸಣ್ಣ ನಗು. ನಾನು ಅವನ ತೋಳು ಹಿಡಿದು ಎಳೆಯುವಷ್ಟರಲ್ಲಿ ಲಾರಿ ಪಕ್ಕಕ್ಕೆ ಬಂದಿತ್ತು. ತೆರೆದ ಗಾಡಿಯೊಳಗೆ ಕಬ್ಬಿನ ತುದಿಗಳು ನಮ್ಮ ತಲೆ ಸವರಿಕೊಂಡು ಹೋದವು. ಅಪ್ಪನಿಗೆ ಲಾರಿ ಕಂಡದ್ದು ಆಗಲೇ. ಅವನು ಬೆಚ್ಚಿ ಸ್ಟೇರಿಂಗ್ ಎಳೆದ. ಗಾಡಿ ಮಣ್ಣಿಗಿಳಿದು ನಿಂತಿತು.

ಎಂಜಿನ್ನು ಓಡುತ್ತಲೇ ಇತ್ತು. ಅಪ್ಪ ನನ್ನ ಮುಖ ನೋಡಿದ. ಆನೆ ಬಂದ ದಿನವೂ ಅವನ ಮುಖ ಹೀಗಿರಲಿಲ್ಲ.

"ಹಾರ್ನ್ ಹೊಡದಿದ್ನೇನು ಅಂವಾ?" ಅಂದ.

"ಹೊಡದಿದ್ದ, ಅಪ್ಪಾ. ಭಾಳ ಹೊತ್ತು ಹೊಡದ."

ಅವನು ಇಳಿದ. ಗಾಡಿ ಸುತ್ತಿ ನನ್ನ ಕಡೆ ಬಂದು ಬಾಗಿಲು ತೆಗೆದ. ಹಿಂದಿನ ಸೀಟಿನ ಕಡೆ ನೋಡಿ, ಎಂದೂ ಇಲ್ಲದಷ್ಟು ಗಟ್ಟಿಯಾಗಿ ಹೇಳಿದ: "ಸಾವಕಾರ್ರ, ನನಗ ಕಿವಿ ಕೇಳ್ಸೂದಿಲ್ರಿ. ಒಟ್ಟ ಕೇಳ್ಸೂದಿಲ್ಲ. ಗಾಡಿ ನಮ್ಮ ಹುಡಿಗಿ ಹೊಡೀತಾಳ."

ಸಾವಕಾರರು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. "ಹೊಡೀಲಿ" ಅಂದರು. ಅಪ್ಪನಿಗೆ ಕೇಳಲಿಲ್ಲ ಅಂತ ನೆನಪಾಗಿ, ಕೈ ಮಾಡಿ ತೋರಿಸಿದರು.

ಕಾಕಾನ ಗ್ಯಾರೇಜಿನ ಗಾಡಿಗಳನ್ನು ಓಡಿಸಿ ಕಲಿತವಳು ನಾನು. ಇಷ್ಟು ಉದ್ದದ್ದನ್ನು ಎಂದೂ ಓಡಿಸಿರಲಿಲ್ಲ. ಅಪ್ಪ ನನ್ನ ಪಕ್ಕದಲ್ಲಿ ಕೂತವನು ಪೂರ್ತಿ ಹಿಂದಕ್ಕೆ ತಿರುಗಿ, ಸೀಟಿನ ಬೆನ್ನಿಗೆ ತೋಳು ಹಾಕಿ, ಮಡಚಿದ ಟಪ್ಪಿನ ಆಚೆಗೆ ರಸ್ತೆಯನ್ನೇ ನೋಡತೊಡಗಿದ. ಏನಾದರೂ ಬಂದರೆ ನನ್ನ ಭುಜ ತಟ್ಟುತ್ತಿದ್ದ. ಹಾರ್ನು ನನಗೆ ಮೊದಲೇ ಕೇಳಿಸುತ್ತಿತ್ತು. ಆದರೂ ಅವನು ತಟ್ಟಲಿ ಅಂತ ಕಾದು, ಆಮೇಲೆ ದಾರಿ ಬಿಡುತ್ತಿದ್ದೆ.